ಉರಿಯೂತಕ್ಕೆ ಸೂಜಿ, ಊರಿಗೆಲ್ಲ ನಗು

ಸೂಜಿ ಹಿಡಿದು ಕೂತವಳ ಹತ್ತಿರ ಜನ ಅಳುತ್ತಾ ಬರುತ್ತಾರೆ, ಅಳುತ್ತಾ ಹೋಗುತ್ತಾರೆ ಅಂತ ನೀವು ಅಂದುಕೊಂಡಿದ್ದರೆ ಒಂದು ದಿನ ಹೈದರಾಬಾದಿನ ಮೆಹದಿಪಟ್ಟಣಂ ಕಡೆ ಬನ್ನಿ. ನನ್ನ ಕ್ಲಿನಿಕ್ಕಿನಲ್ಲಿ ಒಂದಾದರೂ ನಗೆಪಾಟಲು ಆಗದೆ ಕಳೆದ ವಾರವೇ ಇಲ್ಲ.

ನಾನು ಬೀದರ್ ಕಡೆಯವಳು. ಪ್ರಕೃತಿ ಚಿಕಿತ್ಸೆ ಓದಿ, ಅಕ್ಯುಪಂಕ್ಚರ್ ಕಲಿತು, ಮದುವೆಯಾಗಿ ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾಯಿತು. ಬಸ್ ನಿಲ್ದಾಣದಿಂದ ಎರಡು ಗಲ್ಲಿ ಒಳಗೆ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನನ್ನ ರಾಜ್ಯ: ಮೂರು ಮಂಚ, ಮೂರು ಪರದೆ, ಒಂದು ಉದ್ದ ಬೆಂಚು, ಮತ್ತು ರಿಸೆಪ್ಷನ್ನಿನಲ್ಲಿ ವರಂಗಲ್ ಕಡೆಯ ಒಬ್ಬ ಅಕ್ಕ. ಕೆಳಗಿನಿಂದ ಬಿಸ್ಕತ್ತಿನ ವಾಸನೆ ಬರುತ್ತಲೇ ಇರುತ್ತದೆ. ಹಾಗಾಗಿ ನನ್ನ ರೋಗಿಗಳಿಗೆ ನೋವು ಕಡಿಮೆಯಾಗುವ ಮೊದಲು ಹಸಿವು ಶುರುವಾಗುತ್ತದೆ.

ನನ್ನಲ್ಲಿ ಒಂದು ದೋಷವಿದೆ. ಈ ವಿಷಯ ಅಂದರೆ ನನಗೆ ಹುಚ್ಚು! ಕೂದಲಿನಷ್ಟು ಸಣ್ಣ ಸೂಜಿಯೊಂದು ಚರ್ಮದೊಳಗೆ ಹೋಗಿ ಕೂತರೆ, ಎಲ್ಲೋ ಒಳಗೆ ಉರಿಯುತ್ತಿರುವ ಊತ ಮೆಲ್ಲಗೆ ತಣ್ಣಗಾಗಬಹುದು ಅನ್ನುವುದು ನನಗೆ ಇವತ್ತಿಗೂ ಮೈ ಜುಮ್ಮೆನಿಸುವ ಸಂಗತಿ. ಹಾಗಾಗಿ ಸುಮ್ಮನೆ ಚುಚ್ಚಿ ಕಳಿಸಲು ನನಗೆ ಬರುವುದಿಲ್ಲ. ಕೂರಿಸಿ ವಿವರಿಸುತ್ತೇನೆ. ಎಲ್ಲ ಅನಾಹುತ ಶುರುವಾಗುವುದು ಅಲ್ಲಿಂದಲೇ.

೧. ನಾಡಿಯೊಳಗಿನ ಊಟ

ಕೊಂಡಾಪುರದಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಗಾರೆ ಕೆಲಸ ಮಾಡುವ ಒಬ್ಬ ಗೌಂಡಿ ಬಂದ. ಲಿಂಗಸುಗೂರು ಕಡೆಯವನು. ಬಲ ಮೊಣಕೈ ಕೆಂಪಗೆ ಊದಿತ್ತು.

"ಕರಣಿ ಹಿಡಿಯಾಕ ಆಗವಲ್ದುರಿ. ಇಟ್ಟಂಗಿ ಎತ್ತಿದ್ರ ಜೀವ ಹೋಗ್ತೈತಿ. ಎಂಟ ದಿನ ಆತು, ಎಲ್ಲಾರೂ ಗ್ವಾಡಿ ಕಟ್ಟಾಕತ್ತಾರ, ನಾನು ನೋಡಕೋತ ಕೂತೀನಿ" ಅಂದ. ಕೈ ನಂಬಿ ಬದುಕುವವನ ಕೈಯೇ ಮುಷ್ಕರ ಹೂಡಿತ್ತು.

ನಾನು ಅವನ ನಾಡಿ ಹಿಡಿದೆ, ನಾಲಿಗೆ ನೋಡಿದೆ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು ಗಂಭೀರವಾಗಿ ಹೇಳಿದೆ: "ಉರಿಯೂತ ಆಗೇತಿ."

ಅವನ ಕಣ್ಣು ದೊಡ್ಡವಾದವು. "ಊರೂಟ? ಹೌದರಿ! ಆಗೇತಿ!"

ರೋಗಿ ಇಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ನನಗೆ ಹುರುಪು ಬಂತು. "ಯಾವಾಗಿಂದ?"

"ಮೊನ್ನಿ ಸೋಮವಾರರಿ. ಮುಗದು ಹೋತು."

"ಮುಗದಿಲ್ಲಪ್ಪ, ಇನ್ನೂ ಒಳಗ ಐತಿ."

ಅವನು ಹೊಟ್ಟೆ ಮುಟ್ಟಿಕೊಂಡು, "ಇನ್ನೂ ಐತೇನ್ರಿ? ಇರಬೌದರಿ. ಹೋಳಿಗಿ ಭಾಳ ಭಾರ" ಅಂದ.

ನೋವಿನಲ್ಲಿ ಏನೋ ಮಾತಾಡುತ್ತಾನೆ ಅಂದುಕೊಂಡು ಮೊಣಕೈಗೆ ಮೂರು, ಕಾಲಿಗೆ ಎರಡು ಸೂಜಿ ಹಾಕಿದೆ. ಕೆಲಸಕ್ಕೆ ನಾಲ್ಕು ದಿನ ರಜೆ ಹಾಕು, ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡ ಅಂತಲೂ ಹೇಳಿದೆ. ಮೂರನೇ ಸಲ ಬಂದಾಗ ಕೆಂಪು ಇಳಿದಿತ್ತು. ಕೈ ಮಡಚಿ ಚಾಚಿ ತೋರಿಸಿದ. ನನಗೆ ಕುಣಿಯುವುದೊಂದು ಬಾಕಿ!

ನಾಲ್ಕನೇ ಸಲ ಅವನು ಒಬ್ಬನೇ ಬರಲಿಲ್ಲ. ಸೈಟಿನ ಆರು ಜನರನ್ನು ಕರೆದುಕೊಂಡು ಬಂದ. ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂತು ಬಲಗೈ ಮುಂದೆ ಚಾಚಿದ್ದರು, ಮೆಹಂದಿ ಹಚ್ಚಿಸಿಕೊಳ್ಳಲು ಬಂದವರ ಹಾಗೆ.

"ಏನಾಗೇತಿ?" ಅಂತ ಮೊದಲನೆಯವನನ್ನು ಕೇಳಿದೆ.

"ಏನೂ ಆಗಿಲ್ರಿ. ನಾನು ಮುಂಜಾನೆ ಏನು ತಿಂದೀನಿ, ಹೇಳ್ರಿ ನೋಡೋಣು."

ಆಗ ಗೊತ್ತಾಯಿತು. ಆ ಸೋಮವಾರ ಏಳನೇ ಮಹಡಿಯ ಸ್ಲ್ಯಾಬ್ ಹಾಕಿ ಮುಗಿಸಿದ ಖುಷಿಗೆ ಸೈಟಿನಲ್ಲಿ ಎಲ್ಲರಿಗೂ ಹೋಳಿಗೆ ಊಟ ಹಾಕಿದ್ದರು. ಡಾಕ್ಟ್ರಮ್ಮ ನಾಡಿ ಹಿಡಿದು ಆ ಊರೂಟವನ್ನೇ ಹೇಳಿಬಿಟ್ಟಳು ಅಂತ ಗೌಂಡಿ ಇಡೀ ಏಳು ಮಹಡಿಗೆ ಸಾರಿದ್ದ.

ಅದು ಊರೂಟ ಅಲ್ಲಪ್ಪ, ಉರಿಯೂತ; ಉರಿ ಬೇರೆ, ಊಟ ಬೇರೆ ಅಂತ ಬಿಡಿಸಿ ಹೇಳುತ್ತಾ ಕೊನೆಯವನ ಹತ್ತಿರ ಬಂದೆ. ಸುಮ್ಮನೆ ಹೇಗಿದೆ ನೋಡೋಣ ಅಂತ ಕೈ ಹಿಡಿಯಲು ಹೋದರೆ ಅವನು ಫಕ್ಕನೆ ಕೈ ಹಿಂದೆ ಎಳೆದುಕೊಂಡು ಕಿವಿಯ ಹತ್ತಿರ ಬಂದ.

"ಮೇಡಂ, ನಂದು ಹಿಡೀಬ್ಯಾಡ್ರಿ. ಶ್ರಾವಣ ನಡದೈತಿ. ಹೊರಗ ಹೆಂಡ್ತಿ ಕುಂತಾಳ."

೨. ಪಾಸಾದ ಕಾಲು

ರಕ್ಷಣಾ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅಳತೆ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದ ಧಾರವಾಡದ ಹಿರಿಯರೊಬ್ಬರು ಬಂದರು. ಭುಜದ ಕೀಲು ಊದಿ ಬಿಗಿದು ಹೋಗಿತ್ತು. ಅಂಗಿ ತೊಡಲೂ ಹೆಂಡತಿ ಬೇಕು. ಬೇರೆಯವರಿಂದ ಗುಂಡಿ ಹಾಕಿಸಿಕೊಳ್ಳುವ ಮನುಷ್ಯ ಅವರಲ್ಲ. ಆ ಅವಮಾನ ನೋವಿಗಿಂತ ಹೆಚ್ಚಾಗಿತ್ತು.

ನಾನು ಅವರ ಪ್ಯಾಂಟು ಮೇಲೆ ಮಡಚಿ ಕಾಲಿಗೆ ಸೂಜಿ ಹಾಕಿದೆ.

"ಭುಜ ಮ್ಯಾಲ ಐತಿ, ನೀವು ಕೆಳಗ ಕೆಲಸ ಹಚ್ಚೀರಿ. ಡ್ರಾಯಿಂಗ್ ಉಲ್ಟಾ ಹಿಡಿದೀರೇನು?" ಅಂದರು.

ನನಗೆ ಅಷ್ಟು ಸಾಕಿತ್ತು. ಸ್ಟೂಲು ಎಳೆದುಕೊಂಡು ಶುರು ಮಾಡಿದೆ. ಊತ ಇದ್ದ ಕಡೆಯೇ ಚುಚ್ಚಬೇಕಂತಿಲ್ಲ ಸರ್. ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಅಳೆದರೆ ಒಂದು ಮುಖ್ಯ ಜಾಗ ಸಿಗುತ್ತದೆ, ಅಲ್ಲಿನ ನರ ಹೋಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ...

"ತಡೀರಿ" ಅಂದರು ಅವರು. "ನಾಕು ಬೆರಳು ಅಂದ್ರಿ. ಯಾರ ಬೆರಳು?"

"ರೋಗಿಯವೇ ಸರ್. ನಿಮ್ಮ ಮೈಗೆ ನಿಮ್ಮ ಬೆರಳೇ ಅಳತಿ."

"ಎಡಗೈದೋ, ಬಲಗೈದೋ?"

ಇಷ್ಟು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ. "ಯಾವುದಾದರೂ ನಡೀತದ ಸರ್."

"'ಯಾವುದಾದರೂ ನಡೀತದ' ಅನ್ನೋ ಮಾತು ನಮ್ಮ ಕಾರ್ಖಾನ್ಯಾಗ ಇಲ್ಲ" ಅಂದು ಕಣ್ಣು ಮುಚ್ಚಿಕೊಂಡರು.

ಮುಂದಿನ ಸಲ ಬರುವಾಗ ಕೈಯಲ್ಲಿ ಒಂದು ಮಖಮಲ್ಲಿನ ಡಬ್ಬಿ. ಒಳಗೆ ವರ್ನಿಯರ್ ಕ್ಯಾಲಿಪರ್! ಎಡಗೈ ಬೆರಳುಗಳ ಅಗಲ, ಬಲಗೈ ಬೆರಳುಗಳ ಅಗಲ, ಎರಡನ್ನೂ ಅಳೆದು ಒಂದು ಚೀಟಿಯಲ್ಲಿ ಬರೆದು ತಂದಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ. "ಇಷ್ಟು ಫರಕ್ ಇದ್ದಿದ್ರ ನಾನು ಇಡೀ ಲಾಟ್ ವಾಪಸ್ ಕಳಸತಿದ್ದೆ" ಅಂದರು. ಸರ್, ಮನುಷ್ಯ ಅಂದರೆ ಹೀಗೇ ಅಂದೆ. "ಅದಕ್ಕ ರಿಪೇರಿಗೆ ಬರ್ತಾನ" ಅಂದರು.

ಆದರೆ ಭುಜ ಸಡಿಲಾಗತೊಡಗಿತ್ತು! ಮನೆಯಲ್ಲಿ ಮಾಡಲು ಹೇಳಿದ ವ್ಯಾಯಾಮವನ್ನು ಅವರು ಅಳತೆ ಮಾಡಿ ಮಾಡುತ್ತಿದ್ದರು: ಇವತ್ತು ಗೋಡೆಯ ಮೇಲೆ ಕೈ ಎಷ್ಟು ಮೇಲೆ ಹೋಯಿತು, ನಿನ್ನೆ ಎಷ್ಟಿತ್ತು. ಒಂದು ಸಂಜೆ ಮೇಲಿನ ಗುಂಡಿ ನಾನೇ ಹಾಕಿಕೊಂಡೆ ಅಂತ ಫೋನ್ ಮಾಡಿ ಹೇಳಿದಾಗ ನಾನು ಬೇಕರಿಯವರಿಗೆ ಕೇಳುವಷ್ಟು ಜೋರಾಗಿ ಚಪ್ಪಾಳೆ ತಟ್ಟಿದೆ.

ಮರುದಿನ ಫೋನ್ ಬಂದದ್ದು ಅವರ ಹೆಂಡತಿಯದು. ಗಾಬರಿ ದನಿ. "ಮೇಡಂ, ನಿಮ್ಮ ಸೂಜಿಯಿಂದ ಇವರ ಕಾಲ ತುಂಬ ಕಪ್ಪು ಗುಳ್ಳಿ ಎದ್ದಾವ. ತೊಳದ್ರೂ ಹೋಗವಲ್ವು!"

ಕೂಡಲೇ ಬನ್ನಿ ಅಂದೆ. ಇಬ್ಬರೂ ಬಂದರು. ಪ್ಯಾಂಟು ಮಡಚಿ ನೋಡಿದರೆ ಅವು ಗುಳ್ಳೆಗಳಲ್ಲ, ಅಳಿಸದ ಶಾಯಿಯ ಮಾರ್ಕರ್ ಪೆನ್ನಿನ ಚುಕ್ಕೆಗಳು. ನನಗೆ ತಪ್ಪಾಗಬಾರದು ಅಂತ ಯಜಮಾನರು ಸೂಜಿಯ ಜಾಗಗಳನ್ನು ತಾವೇ ಕ್ಯಾಲಿಪರ್ ಹಿಡಿದು ಗುರುತು ಹಾಕಿಕೊಂಡಿದ್ದರು. ಅಷ್ಟೇ ಅಲ್ಲ, ಪ್ರತಿ ಚುಕ್ಕೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಪಾಸ್' ಅಂತ ಬರೆದು ಸಹಿ. ಎಡ ಮೊಣಕಾಲಿನ ಮೇಲೆ ಮಾತ್ರ 'ರಿಜೆಕ್ಟ್'.

"ಅದು ಮೊದಲಿಂದ ಸವದೈತಿ" ಅಂತ ಅವರು ವಿವರಣೆ ಕೊಟ್ಟರು.

ಅವರ ಹೆಂಡತಿ ನಿಟ್ಟುಸಿರು ಬಿಟ್ಟು ಹೇಳಿದರು: "ಮದುವ್ಯಾಗಿ ನಲವತ್ತು ವರ್ಷ ಆತ್ರಿ. ನಂದು ಒಂದು ಉಪ್ಪಿಟ್ಟು ಇನ್ನೂ ಪಾಸ್ ಆಗಿಲ್ಲ. ನೀನು ಪಾಸ್ ಆಗ್ತೀಯೇನಲೇ ಮೊಣಕಾಲ?"

೩. ಕಿವಿಯಲ್ಲಿ ಬಿತ್ತನೆ

ಇದು ಸಣ್ಣದು, ಆದರೆ ಹೇಳದೆ ಇರಲಾರೆ.

ಕೈಬೆರಳಿನ ಸಂದುಗಳೆಲ್ಲ ಊದಿದ್ದ ಒಬ್ಬ ಅಜ್ಜಿ ಹುಮನಾಬಾದಿನಿಂದ ಮಗಳ ಮನೆಗೆ ಬಂದಿದ್ದರು. ದಿನಾ ಬರಲು ಆಗದು ಅಂದರು. ಅಂಥವರಿಗೆ ನಾವು ಕಿವಿಯ ಮೇಲೆ ಸಾಸಿವೆಯಷ್ಟು ಸಣ್ಣ ಬೀಜಗಳನ್ನು ಪಟ್ಟಿಯಲ್ಲಿ ಅಂಟಿಸಿ ಕಳಿಸುತ್ತೇವೆ. ಆಗಾಗ ಒತ್ತಿಕೊಂಡರೆ ಆ ಜಾಗಕ್ಕೆ ಸೂಜಿಯ ಹಾಗೆಯೇ ಚುರುಕು ಸಿಗುತ್ತದೆ. "ಬೀಜ ಹಾಕೀನಿ ಅಜ್ಜಿ. ಮೂರು ಹೊತ್ತು ಮರೀದ ಒತ್ತಿಕೋರಿ, ಐದು ದಿನ ಬಿಟ್ಟು ತಗದು ಹಾಕರಿ" ಅಂದೆ.

ಮೂರನೇ ದಿನ ಫೋನು. ಅಜ್ಜಿಯದೇ ದನಿ, ಭಾರಿ ಗುಟ್ಟಿನಲ್ಲಿ.

"ಡಾಕ್ಟ್ರಮ್ಮ, ಸ್ನಾನ ಮಾಡುವಾಗ ಕಿವಿಗಿ ನೀರು ಬಿತ್ತು."

"ಬೀಳಲಿ ಅಜ್ಜಿ, ಏನೂ ಆಗಂಗಿಲ್ಲ."

"ಏನೂ ಆಗಂಗಿಲ್ಲ ಅಂದ್ರ? ಮೂರು ದಿನ ಆತು. ಹೊಲದಾಗ ಆದ್ರ ಇಷ್ಟೊತ್ತಿಗಿ ಮೊಳಕಿ ಒಡೀತಿತ್ತು. ನೀವು ಕೊಟ್ಟ ಬೀಜ ಖರೇನೇ ಛಲೋದು ಹೌದೋ ಅಲ್ಲೋ?"

೪. ಇಲಿಗಳ ಸರದಿ

ಕೊಂಡಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ ಬಂದಳು. ಮೌಸ್ ಹಿಡಿದು ಹಿಡಿದು ಮಣಿಕಟ್ಟಿನಲ್ಲಿ ಊತ. ಕೂತ ಕೂಡಲೇ ಕೇಳಿದಳು: "ಮೇಡಂ, ಇದಕ್ಕೆಲ್ಲ ಪ್ರೂಫ್ ಇದೆಯಾ? ಸುಮ್ನೆ ನಂಬಿ ಅಂದ್ರೆ ನಾನು ನಂಬಲ್ಲ."

ಎಂಥ ಪ್ರಶ್ನೆ! ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಕಾಗದ ತೆಗೆದು ಚಿತ್ರ ಬರೆದೇ ತೋರಿಸಿದೆ. "ನೋಡಮ್ಮ, ವಿಜ್ಞಾನಿಗಳು ಇಲಿಗಳ ಕಾಲಿಗೆ ಸೂಜಿ ಹಾಕಿ ಸಣ್ಣಗೆ ಕರೆಂಟ್ ಕೊಟ್ಟು ನೋಡಿದಾರೆ. ಕಾಲಿನ ನರದಿಂದ ಸುದ್ದಿ ಮಿದುಳಿಗೆ ಹೋಗುತ್ತೆ. ಅಲ್ಲಿಂದ ಇನ್ನೊಂದು ದೊಡ್ಡ ನರದಲ್ಲಿ ಕೆಳಗಿಳಿದು ಮೂತ್ರಪಿಂಡದ ಮೇಲೆ ಟೋಪಿ ಹಾಗೆ ಕೂತಿರೋ ಗ್ರಂಥಿಗೆ ಬರುತ್ತೆ. ಆ ಗ್ರಂಥಿ ಒಂದು ರಸ ಬಿಡುತ್ತೆ. ಜಗಳಕ್ಕೆ ನಿಂತಿರೋ ರಕ್ಷಣಾ ಕಣಗಳಿಗೆ, 'ಸಾಕು, ಶಾಂತರಾಗಿ' ಅಂತ ಹೇಳಿದ ಹಾಗೆ. ಇಲಿಗಳಲ್ಲಿ ಉರಿಯೂತ ಕಡಿಮೆ ಆಗಿದೆ!"

"ಮನುಷ್ಯರಲ್ಲಿ?"

"ಆಗಬಹುದು ಅನ್ನೋಕೆ ಸೂಚನೆ ಇದೆ. ಪೂರ್ತಿ ಖಚಿತ ಆಗಿಲ್ಲ. ಸುಳ್ಳು ಹೇಳಲ್ಲ."

"ಇದು ಓಕೆ" ಅಂದು ಕೈ ಮುಂದೆ ಚಾಚಿದಳು. ಒಳ್ಳೆಯ ಹುಡುಗಿ.

ಅವಳು ಹೋದ ಮೇಲೆ ನಮ್ಮ ರಿಸೆಪ್ಷನ್ ಅಕ್ಕ, ಅಷ್ಟೊತ್ತು ಏನು ಮೇಡಂ ಹೇಳುತ್ತಿದ್ದಿರಿ ಅಂತ ತೆಲುಗಿನಲ್ಲಿ ಕೇಳಿದರು. ನಾನು ಅದೇ ಹುರುಪಿನಲ್ಲಿ ಎರಡು ಮಾತಿನಲ್ಲಿ ಹೇಳಿದೆ. ಅವರು ಅದನ್ನು ಒಂದೇ ಮಾತಿಗೆ ಇಳಿಸಿ ಕೆಳಗೆ ಬೇಕರಿಯಲ್ಲಿ ಚಹಾ ಕುಡಿಯುವಾಗ ಹೇಳಿದರು: "ಮಾ ಮೇಡಂ ಎಲುಕಲಕು ಕೂಡಾ ಸೂದುಲು ಪೆಡತಾರು." ಅಂದರೆ, ನಮ್ಮ ಮೇಡಂ ಇಲಿಗಳಿಗೂ ಸೂಜಿ ಹಾಕುತ್ತಾರೆ!

ಮೊದಲು ಓಡಿ ಬಂದವರು ಬೇಕರಿಯ ಯಜಮಾನರು. ಕಳವಳದಿಂದ ಮಂಚದ ಕೆಳಗೆಲ್ಲ ಬಗ್ಗಿ ನೋಡಿದರು. "ಮೇಡಂ, ನಿಮ್ಮ ಪೇಷಂಟ್‌ಗಳು ಯಾರಾದರೂ ನನಗೇನಿಲ್ಲ. ಆದರೆ ಅವರು ಮೆಟ್ಟಿಲು ಇಳಿದು ಎಲ್ಲಿಗೆ ಹೋಗ್ತಾರೆ, ಅದು ಹೇಳಿ. ಕೆಳಗೆ ನನ್ನ ಹಿಟ್ಟಿನ ಚೀಲ ಇದೆ" ಅಂದರು. ಅವರಿಗೆ ಅರ್ಥ ಮಾಡಿಸಿ ಕಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮರುದಿನ ಹನ್ನೊಂದು ಗಂಟೆಗೆ ಪಕ್ಕದ ಗಲ್ಲಿಯಲ್ಲಿ ಎಲ್ಲರೂ ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಹೆಂಗಸು ಬಂದರು. ಬುರ್ಖಾದ ಒಳಗೆ ಏನೋ ಬೆಚ್ಚಗೆ ಹಿಡಿದುಕೊಂಡಿದ್ದಾರೆ. ನೋಡಿದರೆ ಬಿಳಿ ಬೆಕ್ಕು! ಒಂದು ಕಾಲು ಊದಿದೆ, ಪಾಪ, ಕುಂಟುತ್ತಿದೆ. "ಚೂಹೋಂ ಕಾ ಇಲಾಜ್ ಕರ್ತೇ ಬೋಲೇ, ಹಮಾರೀ ಬಿಲ್ಲೀ ಕು ಭೀ ದೇಖೋ ನಾ" ಅಂದರು. ಇಲಿಗಳಿಗೆ ಮಾಡುತ್ತೀರಂತೆ, ನಮ್ಮ ಬೆಕ್ಕನ್ನೂ ನೋಡಿ ಅಂತ.

ನಾನು ಒಳಗೆ ಒಬ್ಬರಿಗೆ ಸೂಜಿ ಹಾಕುತ್ತಿದ್ದೆ. ಪಶುವೈದ್ಯರ ವಿಳಾಸ ಬರೆದುಕೊಡುತ್ತೇನೆ, ತಡೆಯಿರಿ ಅಂತ ಕೂಗಿ ಹೇಳಿದೆ. ಖಾಲಾ ಬಾಗಿಲಲ್ಲೇ ನಿಂತು ಅನುಮಾನಿಸುತ್ತಿದ್ದರು. ಬೆಕ್ಕನ್ನು ಒಳಗೆ ತಂದರೆ ಗಲಾಟೆ ಆಗುವುದಿಲ್ಲ ತಾನೆ ಅಂತ.

ನಮ್ಮ ಅಕ್ಕ ರಿಜಿಸ್ಟರ್ ತೆರೆದು, ಪುಟದ ಮೇಲೆ ಬೆರಳಾಡಿಸಿ ನೋಡಿ, ಪೂರ್ತಿ ಗಂಭೀರವಾಗಿ ಹೇಳಿದರು:

"ಪರವಾ ಇಲ್ಲಮ್ಮ, ಬನ್ನಿ. ಇವತ್ತು ಇಲಿಗಳದ್ದು ಅಪಾಯಿಂಟ್‌ಮೆಂಟ್ ಇಲ್ಲ."

೫. ಪೊಲೀಸರ ಹೊಗೆ

ಹೂವಿನ ಮಾಲೆಯ ನಡುವೆ ಕಟ್ಟುವ ಮಾಚಿಪತ್ರೆ ನಿಮಗೆ ಗೊತ್ತಲ್ಲ? ಅದರ ಜಾತಿಯ ಎಲೆಯನ್ನು ಒಣಗಿಸಿ, ಕುಟ್ಟಿ, ದಪ್ಪ ಊದುಬತ್ತಿಯ ಹಾಗೆ ಸುತ್ತಿ, ಹಚ್ಚಿ, ನೋವಿರುವ ಜಾಗಕ್ಕೆ ದೂರದಿಂದ ಶಾಖ ಕೊಡುವುದೂ ನಮ್ಮ ಚಿಕಿತ್ಸೆಯ ಒಂದು ಭಾಗ. ಬಹಳ ಹಿತವಾಗಿರುತ್ತದೆ. ಒಂದೇ ತೊಂದರೆ: ಆ ಹೊಗೆಯ ವಾಸನೆ ಥೇಟ್ ಗಾಂಜಾದ ಹಾಗೆ ಇರುತ್ತದೆ.

ಕ್ಲಿನಿಕ್ಕಿನ ಮೇಲಿನ ಮಹಡಿಗೆ ಹೊಸದಾಗಿ ಬಂದ ಬಾಡಿಗೆದಾರರು ಯಾರೋ ಫೋನ್ ಮಾಡಿರಬೇಕು. ಒಂದು ಭಾನುವಾರ ಇಬ್ಬರು ಕಾನ್‌ಸ್ಟೇಬಲ್‌ಗಳು ಮೆಟ್ಟಿಲು ಹತ್ತಿ ಬಂದರು. ಒಬ್ಬರು ಹಿರಿಯರು, ದಪ್ಪ ಮೀಸೆ, ಇನ್ನೊಬ್ಬರು ಕಿರಿಯರು. ಹಿರಿಯರು ಮೂಗು ಅರಳಿಸಿ, "ಇದೇನು ವಾಸನೆ?" ಅಂದರು ತೆಲುಗಿನಲ್ಲಿ.

ನಾನು ಹೆದರಬೇಕಾಗಿತ್ತು. ಆದರೆ ಯಾರಾದರೂ ಇದೇನು ಅಂತ ಕೇಳಿದರೆ ನನ್ನೊಳಗಿನ ಟೀಚರಮ್ಮ ಎದ್ದುಬಿಡುತ್ತಾಳೆ! ಎಲೆ ತೋರಿಸಿದೆ, ಪುಡಿ ತೋರಿಸಿದೆ, ಖರೀದಿಯ ಚೀಟಿ ತೋರಿಸಿದೆ, ಗೋಡೆಯ ಮೇಲಿನ ದೇಹದ ಪಟದ ಮುಂದೆ ನಿಲ್ಲಿಸಿ ಕಾಲಿನಿಂದ ತಲೆಯವರೆಗೆ ಪಾಠ ಮಾಡಿದೆ. ಹಿಮ್ಮಡಿಯ ಊತದ ವಿಷಯ ಬಂದಾಗ ಹಿರಿಯರ ಮೀಸೆ ಅಲುಗಿತು.

"ಹಿಮ್ಮಡಿಗೂ ಆಗುತ್ತಾ?"

ಅವರು ದಿನವಿಡೀ ಸಿಗ್ನಲ್ಲಿನಲ್ಲಿ ನಿಲ್ಲುವವರು. ಮುಂಜಾನೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಮುಳ್ಳಿನ ಮೇಲೆ ಕಾಲಿಟ್ಟ ಹಾಗಾಗುತ್ತದಂತೆ. ಮನೆಯಲ್ಲಿ ಹೇಳಿದರೆ ಕುರ್ಚಿಯ ಕೆಲಸ ಕೇಳು ಅನ್ನುತ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ.

"ತನಿಖೆ ಪೂರ್ತಿ ಮಾಡಬೇಕಾಗುತ್ತೆ" ಅಂದು ಬೂಟು ಬಿಚ್ಚಿದರು.

ಸೂಜಿ ಹಾಕಿ, ಮಾಚಿಪತ್ರೆಯ ಶಾಖ ಕೊಟ್ಟೆ. ಐದು ನಿಮಿಷಕ್ಕೆ ಗೊರಕೆ. ಕಿರಿಯರು ಪರದೆಯ ಹೊರಗೆ ಅಟೆನ್ಷನ್ನಿನಲ್ಲಿ ಕಾವಲು ನಿಂತರು. ಎದ್ದ ಮೇಲೆ ಹಿರಿಯರು ನೆಲದ ಮೇಲೆ ಹಿಮ್ಮಡಿ ಊರಿ ನೋಡಿದರು, ಮತ್ತೊಮ್ಮೆ ಊರಿ ನೋಡಿದರು, ಬೂಟು ಹಾಕಿಕೊಂಡು ಹೇಳಿದರು: "ಇಲ್ಲಿ ಅಕ್ರಮ ಏನೂ ಇಲ್ಲ."

ಮರುದಿನ ಸೋಮವಾರ. ಸೋಮವಾರ ಬೆಂಚಿನ ಮೇಲೆ ಜಾಗವೇ ಇರುವುದಿಲ್ಲ. ಆಗ ಪೂರ್ತಿ ಸಮವಸ್ತ್ರದಲ್ಲಿ ಬಾಗಿಲು ತಳ್ಳಿಕೊಂಡು ಬಂದ ಹಿರಿಯರು, ಸಿಗ್ನಲ್ಲಿನಲ್ಲಿ ಕೂಗುವ ಅದೇ ಕಂಚಿನ ಕಂಠದಲ್ಲಿ ಅಂದರು: "ಮೇಡಂ! ನಿನ್ನೆ ಹಚ್ಚಿದಿರಲ್ಲ ಆ ಗಾಂಜಾ, ಇನ್ನೊಂದು ಸ್ವಲ್ಪ ಹಚ್ಚಿ!"

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಸೇಡಂ ಕಡೆಯ ಮುದುಕಿಯೊಬ್ಬರು ಸೊಂಟ ಹಿಡಿದುಕೊಂಡು ಎದ್ದರು.

"ಪೊಲೀಸರಿಗಿ ಹಚ್ಚೋದಂದ್ರ ಅಸಲೀ ಮಾಲೇ ಇರ್ತದ. ನನಗೂ ಅದೇ ಹಚ್ಚರಿ."

೬. ಸೊಸೆಯ ಕೈಯಲ್ಲಿ ಸೂಜಿ

ನನ್ನ ಅತ್ತೆಯ ಎರಡೂ ಮೊಣಕಾಲಿನಲ್ಲಿ ಸವೆತ, ಜೊತೆಗೆ ಉರಿಯೂತ. ಊರಿನ ಮೊಣಕಾಲಿಗೆಲ್ಲ ಸೂಜಿ ಹಾಕುವ ನಾನು ಮನೆಯ ಮೊಣಕಾಲನ್ನು ಮುಟ್ಟುವ ಹಾಗಿರಲಿಲ್ಲ. "ಸೊಸಿ ಕೈಯಾಗ ಸೂಜಿ ಕೊಟ್ಟು ಕಣ್ಣು ಮುಚ್ಚಿ ಮಲಗೋ ಅತ್ತಿ ಈ ಲೋಕದಾಗ ಇನ್ನೂ ಹುಟ್ಟಿಲ್ಲ" ಅನ್ನುವುದು ಅವರ ಸಿದ್ಧಾಂತ. ನೆಂಟರ ಮನೆಯಲ್ಲೆಲ್ಲ ಅದನ್ನೇ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಹೀಗಿರುವಾಗ ಬೀದರಿನಲ್ಲಿ ನನ್ನ ನಾದಿನಿಯ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಅತ್ತೆಗೆ ಮೊದಲ ಮರಿಮೊಮ್ಮಗಳು. ಎರಡು ತಿಂಗಳು ಬಿಟ್ಟು ನಾಮಕರಣ. ನಮ್ಮಲ್ಲಿ ತೊಟ್ಟಿಲ ಮುಂದೆ ಚಾಪೆಯ ಮೇಲೆ ಕೂತು ಜೋಗುಳ ಹಾಡಬೇಕಾದವರು ಮನೆಯ ಹಿರಿಯರು. ನೆಲಕ್ಕೆ ಕೂರಲು ಅತ್ತೆಗೆ ಆಗದು. ಕೂತರೆ ಏಳಲು ಆಗದು. "ಖುರ್ಚಿ ಮ್ಯಾಲ ಕೂತು ಹಾಡರಿ" ಅಂತ ನನ್ನ ಗಂಡ ಅಂದಾಗ ಅತ್ತೆ ಕಣ್ಣೀರು ಹಾಕಿಬಿಟ್ಟರು. "ಖುರ್ಚಿ ಮ್ಯಾಲ ಕೂತು ಹಾಡಾಕ ನಾ ಏನು ಮಿನಿಸ್ಟರ್ ಅದೀನಾ?"

ಮುಂದಿನದು ಮೊದಲೇ ಹೇಳಿಬಿಡುತ್ತೇನೆ: ಸೂಜಿ, ಗುಳಿಗೆ, ದಿನಾ ಮಾಡಿಸಿದ ವ್ಯಾಯಾಮ ಎಲ್ಲ ಸೇರಿ ಊತ ಇಳಿಯಿತು, ಅತ್ತೆ ಚಾಪೆಯ ಮೇಲೆ ಕೂತು ಒಂದಲ್ಲ, ಐದು ಜೋಗುಳ ಹಾಡಿದರು, ಹಿಂದೆ ನಿಂತಿದ್ದ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆದರೆ ಹೇಳಬೇಕಾದ್ದು ಅದಲ್ಲ. ಮೊದಲನೆಯ ದಿನ ನಡೆದದ್ದು.

ಆ ದಿನ ಅತ್ತೆ ಕ್ಲಿನಿಕ್ಕಿಗೆ ಬಂದದ್ದೇ ಶರತ್ತಿನ ಮೇಲೆ. "ಇಲ್ಲಿ ನಾ ನಿನ್ನ ಅತ್ತಿ ಅಂತ ಯಾರಿಗೂ ಹೇಳಬ್ಯಾಡ. ಸುಮ್ನ ಪೇಷಂಟ್ ಅಂತ ತಿಳ್ಕೊ. ಮತ್ತ ಎಷ್ಟು ಸೂಜಿ ಹಾಕ್ತಿ, ಅಷ್ಟು ಎಣಿಸಿ ತಗೀಬೇಕು."

ಮಧ್ಯದ ಮಂಚದಲ್ಲಿ ಮಲಗಿಸಿದೆ. ಅತ್ತೆ ಉಸಿರು ಬಿಗಿಹಿಡಿದು ಛಾವಣಿ ನೋಡುತ್ತಾ, ಒಂದು... ಎರಡು... ಅಂತ ಎಣಿಸಿದರು. ಎಂಟು ಸೂಜಿ ಹೋದವು. "ಚುಚ್ಚಿದ್ದು ಗೊತ್ತೇ ಆಗಲಿಲ್ಲಲ್ಲ!" ಅಂತ ಬಾಯಿ ತಪ್ಪಿ ಅಂದು, ಕೂಡಲೇ ಮುಖ ಗಂಟು ಹಾಕಿಕೊಂಡರು.

"ಇಪ್ಪತ್ತು ನಿಮಿಷ ಅಲುಗಾಡಬಾರದು" ಅಂದೆ.

"ಬಾಯಿ?"

"ಬಾಯಿ ಆಡಸಬೌದು."

ಅದು ನಾನು ಮಾಡಿದ ತಪ್ಪು.

ಎಡಗಡೆಯ ಮಂಚದಲ್ಲಿ ಉಪ್ಪಲ್‌ನಿಂದ ಬಂದಿದ್ದ ವಿಜಯಪುರದ ಅಮ್ಮ, ಬಲಗಡೆಯಲ್ಲಿ ಕಲಬುರಗಿಯ ನಿವೃತ್ತ ಹೆಡ್‌ಮೇಡಂ. ಇಬ್ಬರಿಗೂ ಮೊಣಕಾಲೇ, ಇಬ್ಬರಿಗೂ ಸೂಜಿ ಹಾಕಿಯಾಗಿತ್ತು. ನಡುವೆ ಪರದೆ. ಎಡಗಡೆಯಿಂದ ಒಂದು ನಿಟ್ಟುಸಿರು ಬಂತು: "ನೆಲಾ ಒರಸಿ ಒರಸಿ ಹಿಂಗಾತ್ರಿ. ಸೊಸಿ ಇದ್ರೂ ಇಲ್ಲದಂಗ."

ಅತ್ತೆಯ ಕಣ್ಣು ಫಳಕ್ಕೆಂದವು. ಪರದೆಯ ಕಡೆ ತಿರುಗಿ, "ಏನು ಮಾಡ್ತಾಳ್ರಿ ನಿಮ್ಮ ಸೊಸಿ?" ಅಂದರು.

"ಏನೂ ಮಾಡಂಗಿಲ್ರಿ. ಅದೇ ತ್ರಾಸು."

ಬಲಗಡೆಯ ಹೆಡ್‌ಮೇಡಂ ಗಂಟಲು ಸರಿ ಮಾಡಿಕೊಂಡರು. "ನಮ್ಮಕೀ ಎಲ್ಲಾನೂ ಮಾಡ್ತಾಳ. ಆದ್ರ ಎಲ್ಲಾನೂ ಫೋನಿನಾಗ ನೋಡಿ ಮಾಡ್ತಾಳ. ಬ್ಯಾಳಿ ಕುದಿಸೋದು ಸುದ್ದಾ."

ಆಮೇಲೆ ಅಧಿವೇಶನ ಶುರುವಾಯಿತು! ಮೂರು ಮಂಚದಲ್ಲಿ ಮೂವರು ಅತ್ತೆಯಂದಿರು, ಒಬ್ಬರಿಗೂ ಏಳಲಾಗದು, ಒಬ್ಬರ ಮುಖ ಒಬ್ಬರಿಗೆ ಕಾಣದು. ಆದರೆ ಸೊಸೆಯಂದಿರ ತಪ್ಪುಗಳು ಪರದೆಯ ಮೇಲಿನಿಂದ ಚೆಂಡಿನ ಹಾಗೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಹಾರುತ್ತಿದ್ದವು. ಸೊಸೆಯಾದ ನಾನು ಕೈಯಲ್ಲಿ ಸೂಜಿಯ ತಟ್ಟೆ ಹಿಡಿದು ಅವರ ನಡುವೆಯೇ ಓಡಾಡುತ್ತಿದ್ದೆ.

ಅತ್ತೆಗೆ ಒಂದು ಸೂಜಿ ಇನ್ನೂ ಬಾಕಿಯಿತ್ತು, ಪಾದದ ಹತ್ತಿರ. ಅದನ್ನು ಹಿಡಿದು ನಾನು ಅವರ ಮಂಚದ ಪಕ್ಕ ನಿಂತದ್ದಕ್ಕೂ, ವಿಜಯಪುರದ ಅಮ್ಮ ಕೇಳಿದ್ದಕ್ಕೂ ಸರಿಹೋಯಿತು:

"ನೀವು ಬರೇ ನಮ್ಮದೇ ಕೇಳಾಕತ್ತೀರಿ. ನಿಮ್ಮ ಸೊಸಿ ಹ್ಯಾಂಗದಾಳ್ರಿ?"

ಅತ್ತೆ ತಮ್ಮ ಮೈಮೇಲಿನ ಎಂಟು ಸೂಜಿ ನೋಡಿಕೊಂಡರು. ನನ್ನ ಕೈಯಲ್ಲಿದ್ದ ಒಂಬತ್ತನೆಯದನ್ನು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ನಮ್ಮ ಸೊಸೀರಿ? ಬಂಗಾರ್ರಿ! ಇಂಥಾ ಸೊಸಿ ಏಳೂರು ಹುಡುಕಿದ್ರೂ ಸಿಗಂಗಿಲ್ಲ."

"ಅಡಗಿ?"

"ಅಯ್ಯ, ಆಕಿ ಬಡಿದ ಭಕ್ರಿ ಬಾಯಾಗ ಇಟ್ರ ಬೆಣ್ಣಿ."

ಅದೇ ಭಕ್ರಿಯನ್ನು ಅವರು ಇಪ್ಪತ್ತು ವರ್ಷದಿಂದ ಮಾಳಿಗೆಯ ಹಂಚು ಅಂತ ಕರೆಯುತ್ತಿದ್ದರು. ನನ್ನ ಕಿವಿಗಳನ್ನು ನಾನೇ ನಂಬಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಎಷ್ಟು ಖುಷಿಯಾಯಿತೆಂದರೆ ಆ ಒಂಬತ್ತನೆಯ ಸೂಜಿಯನ್ನು ಹೂವಿನ ಹಾಗೆ ಹಾಕಿದೆ, ಇಪ್ಪತ್ತು ನಿಮಿಷದ ಬದಲು ಇಪ್ಪತ್ತೈದು ನಿಮಿಷ ಇಟ್ಟೆ. ಆ ಐದು ನಿಮಿಷದಲ್ಲಿ ನನ್ನ ತವರು ಮನೆಯ ಗುಣಗಾನವೂ ಆಯಿತು.

ಟೈಮರಿನ ಗಂಟೆ ಹೊಡೆಯಿತು. ಸೂಜಿ ತೆಗೆಯತೊಡಗಿದೆ. ಅತ್ತೆ ಒಂದೊಂದನ್ನೂ ಎಣಿಸಿದರು. ಮೆಲ್ಲಗೆ ಎದ್ದು ಕೂತರು. ಕಾಲು ಮಡಚಿ ನೋಡಿದರು; ಸ್ವಲ್ಪ ಹಗುರಾಗಿತ್ತು ಅಂತ ಮುಖವೇ ಹೇಳುತ್ತಿತ್ತು. ಮಂಚದಿಂದ ಇಳಿದರು. ಚಪ್ಪಲಿ ಹಾಕಿಕೊಂಡರು. ಕೈಚೀಲ ಹೆಗಲಿಗೆ ಏರಿಸಿದರು. ಬಾಗಿಲಿನ ತನಕ ನಡೆದು ಹೋಗಿ, ಒಂದು ಕಾಲು ಹೊಸ್ತಿಲ ಹೊರಗಿಟ್ಟು ನನ್ನ ಕಡೆ ತಿರುಗಿದರು.

"ಒಂಬತ್ತೂ ತಗದಿ, ಹೌದಿಲ್ಲೋ?"

"ಒಂಬತ್ತೂ ತಗದೀನ್ರಿ."

"ಒಂದೂ ಉಳದಿಲ್ಲ?"

"ಒಂದೂ ಉಳದಿಲ್ರಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪರದೆಗಳ ಕಡೆಗೆ ಕುತ್ತಿಗೆ ಚಾಚಿ ದನಿ ಏರಿಸಿದರು:

"ಹಾಂ, ಅಕ್ಕಾರ, ಈಗ ಕೇಳ್ರಿ ನನ್ನ ಸೊಸಿ ಹ್ಯಾಂಗದಾಳ ಅಂತ!"